ನಕ್ಷತ್ರದ ಒಂದು ಮಗ್ಗುಲು ನೀಲಿ, ಇನ್ನೊಂದು ಕೆಂಪು: ತಪ್ಪು ಲೆನ್ಸಿನದೇ?

ಪ್ರಶ್ನೆ: ನನ್ನದು 80 ಮಿ.ಮೀ. ಎಫ್/7 ಇಡಿ ಡಬ್ಲೆಟ್ (ಬಣ್ಣ ಕಡಿಮೆ ಒಡೆಯುವ ಗಾಜಿನ, ಜೋಡಿ ಲೆನ್ಸಿನ ಟೆಲಿಸ್ಕೋಪ್), 3.76 ಮೈಕ್ರಾನ್ ಪಿಕ್ಸೆಲ್‌ನ ಕಲರ್ ಕ್ಯಾಮೆರಾ. ಬೆಂಗಳೂರಿನ ಹೊರವಲಯದಿಂದ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛದ ಚಿತ್ರ ತೆಗೆದರೆ ಎಲ್ಲ ನಕ್ಷತ್ರಗಳಿಗೂ ಒಂದೇ ಕಡೆ ನೀಲಿ ಅಂಚು, ಎದುರು ಕಡೆ ಕೆಂಪು. ಟೆಲಿಸ್ಕೋಪ್ ವಾಪಸ್ ಕೊಡಲೇ?

ಉತ್ತರ: ಅವಸರ ಬೇಡ. ಡಬ್ಲೆಟ್‌ನ ಬಣ್ಣದೋಷ ನಕ್ಷತ್ರದ ಸುತ್ತಲೂ ಉಂಗುರದಂತೆ ನೇರಳೆಯಾಗಿ ಹರಡುತ್ತದೆ. ಫ್ಲ್ಯಾಟನರ್ (ಅಂಚಿನವರೆಗೂ ಫೋಕಸ್ ಸಮವಾಗಿಸುವ ಲೆನ್ಸ್) ಮತ್ತು ಸೆನ್ಸರ್ ನಡುವಿನ ದೂರ ತಪ್ಪಿದ್ದರೆ ಮೂಲೆಗಳಲ್ಲಷ್ಟೇ ಕೆಡುತ್ತದೆ. ಇಡೀ ಚಿತ್ರದಲ್ಲಿ ಒಂದೇ ದಿಕ್ಕಿಗೆ ಬಣ್ಣ ಒಡೆದಿದ್ದರೆ ಉಳಿಯುವುದು ಎರಡೇ ಅನುಮಾನ: ವಾತಾವರಣದ ಗಾಳಿ, ಇಲ್ಲವೇ ಕೇಂದ್ರ ತಪ್ಪಿದ ಲೆನ್ಸ್.

ನಿಮ್ಮಲ್ಲಿ ಗಾಳಿಯ ಮೇಲೇ ನನ್ನ ಅನುಮಾನ. ಬೆಂಗಳೂರಿನಿಂದ ಒಮೆಗಾ ಸೆಂಟಾರಿ ಎಷ್ಟೇ ಮೇಲೇರಿದರೂ 30 ಡಿಗ್ರಿ ಮುಟ್ಟುವುದಿಲ್ಲ. ಅಷ್ಟು ತಗ್ಗಿನಲ್ಲಿ ವಾತಾವರಣವೇ ಪ್ರಿಸಂ: ನೀಲಿ ಹೆಚ್ಚು ಬಾಗಿ ನೆತ್ತಿಯ ಕಡೆ ಸರಿಯುತ್ತದೆ, ಕೆಂಪು ದಿಗಂತದ ಕಡೆ ಉಳಿಯುತ್ತದೆ. ಎರಡರ ನಡುವೆ ಸುಮಾರು 2ರಿಂದ 2.5 ಆರ್ಕ್‌ಸೆಕೆಂಡ್ ಅಂತರ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲೊಂದು ಭಾಗ). ನಿಮ್ಮ 560 ಮಿ.ಮೀ. ಫೋಕಲ್ ಲೆಂತ್‌ಗೆ ಒಂದು ಪಿಕ್ಸೆಲ್ ಎಂದರೆ ಸುಮಾರು 1.4 ಆರ್ಕ್‌ಸೆಕೆಂಡ್; ಅಂದರೆ ಒಂದೂವರೆ, ಎರಡು ಪಿಕ್ಸೆಲ್ ಕಣ್ಣಿಗೆ ಹೊಡೆಯುತ್ತದೆ.

ಅದೇ ರಾತ್ರಿ ಸ್ವಾತಿ ನಕ್ಷತ್ರ ನೆತ್ತಿಯ ಹತ್ತಿರ, 84 ಡಿಗ್ರಿಗೆ ಬಂದಾಗ 30 ಸೆಕೆಂಡಿನ ಒಂದೇ ಫ್ರೇಮ್ ತೆಗೆಯಿರಿ, ಸ್ಟ್ಯಾಕ್ (ಹಲವು ಫ್ರೇಮ್ ಒಟ್ಟುಗೂಡಿಸುವುದು) ಬೇಡ. ಸ್ವಾತಿಯನ್ನಲ್ಲ, ಅಕ್ಕಪಕ್ಕದ ಮಂದ ನಕ್ಷತ್ರಗಳನ್ನು ನೋಡಿ (ಸ್ವಾತಿ ಮೊದಲೇ ಕೇಸರಿ, ಉರಿದುಹೋಗಿಯೂ ಇರುತ್ತದೆ). ಅಂಚು ಮಾಯವಾಗಿದ್ದರೆ ಲೆನ್ಸ್ ನಿರ್ದೋಷಿ. ಉಳಿದಿದ್ದರೆ ರಿಂಗ್ ಸಡಿಲಿಸಿ, ಕ್ಯಾಮೆರಾ ಸಮೇತ ಟ್ಯೂಬನ್ನು 90 ಡಿಗ್ರಿ ತಿರುಗಿಸಿ ಮತ್ತೆ ತೆಗೆಯಿರಿ. ಚಿತ್ರದಲ್ಲಿ ನೀಲಿ ಮತ್ತದೇ ಬದಿಗೆ ಕೂತಿದ್ದರೆ ಆಗ ವಾಪಸ್ ಕೊಡಿ. ಲೆನ್ಸ್ ಸೆಲ್ (ಲೆನ್ಸ್ ಹಿಡಿದಿರುವ ಚೌಕಟ್ಟು) ಮಾತ್ರ ನೀವಾಗಿ ಬಿಚ್ಚಬೇಡಿ.

ಗಾಳಿಯದೇ ಆದರೆ, ಗುಚ್ಛ ಮಧ್ಯಾಹ್ನರೇಖೆ ದಾಟುತ್ತಾ ಅತಿ ಎತ್ತರದಲ್ಲಿರುವ ಹೊತ್ತಿನ (ಮೇ ನಡುವೆ ರಾತ್ರಿ ಹತ್ತರ ಆಸುಪಾಸು) ಹಿಂದೆ ಮುಂದೆ ಒಂದೊಂದು ಗಂಟೆ ಮಾತ್ರ ತೆಗೆಯಿರಿ. ಎರಡು ಗಂಟೆ ಸರಿದರೆ ಅದು 24 ಡಿಗ್ರಿಗೆ ಇಳಿದಿರುತ್ತದೆ. ಸ್ಟ್ಯಾಕ್ ಆದಮೇಲೆ, ಸ್ಟ್ರೆಚ್ ಮಾಡುವ (ಮಂದ ಭಾಗ ಬೆಳಗಿಸುವ) ಮೊದಲು, ಸಿರಿಲ್ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್ ಬೇರ್ಪಡಿಸಿ ಹಸಿರಿಗೆ ಉಳಿದೆರಡನ್ನು ಹೊಂದಿಸಿ ಸೇರಿಸಿ. ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಇದಕ್ಕೆ ಆರ್‌ಜಿಬಿ ಅಲೈನ್ ಆಯ್ಕೆಯೇ ಇದೆ.

ಇಷ್ಟಾದರೂ ಸುತ್ತ ನೇರಳೆ ಉಂಗುರ ಉಳಿದರೆ, ಕ್ಯಾಮೆರಾದ ಕಿಟಕಿ ಬರೀ ಗಾಜೇ ಎಂದು ನೋಡಿ. ಹೌದಾದರೆ ಯುವಿ/ಐಆರ್ ಕಟ್ ಫಿಲ್ಟರ್ (ಅತಿನೇರಳೆ, ಅವಕೆಂಪು ಬೆಳಕು ತಡೆಯುವಂಥದ್ದು) ಬೇಕು. ಫ್ಲ್ಯಾಟನರ್ ಹಿಂದೆ 2 ಮಿ.ಮೀ. ದಪ್ಪದ ಫಿಲ್ಟರ್ ಹಾಕಿದರೆ ಅಲ್ಲಿಂದ ಸೆನ್ಸರ್‌ಗೆ ಇರಬೇಕಾದ 55 ಮಿ.ಮೀ. ಅಂತರ ಸುಮಾರು 55.7 ಆಗಬೇಕು, ತೆಳು ಸ್ಪೇಸರ್ ಸಾಕು.