ಸೋಫಾ ಪಕ್ಕದ ಟೇಬಲ್: ಮೊದಲು ಟೇಪು ಹಿಡಿಯಿರಿ, ಆಮೇಲೆ ಅಂಗಡಿಗೆ ಹೋಗಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಸೋಫಾ, ಮಂಚದ ಪಕ್ಕ ಇಡುವ ಸಣ್ಣ ಟೇಬಲ್‌ನದ್ದೇ ಜಾಸ್ತಿ. ಐದು ಪ್ರಶ್ನೆಗಳಿಗೆ ಒಳಾಂಗಣ ವಿನ್ಯಾಸ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ದಾವಣಗೆರೆ ಎಂ.ಸಿ.ಸಿ. ‘ಬಿ’ ಬ್ಲಾಕ್‌ನಲ್ಲಿ ನಮ್ಮ ಹೊಸ ಮನೆ. ಹಾಲ್ 11 ಅಡಿ ಅಗಲ, 14 ಅಡಿ ಉದ್ದ. ಒಂದು ಕಡೆ ಸೋಫಾ, ಎದುರಿಗೆ ಹಳೆಯ ದಿವಾನ, ನಡುವೆ ಟೀಪಾಯಿ. ಆನ್‌ಲೈನ್‌ನಲ್ಲಿ 24 ಇಂಚು ಎತ್ತರದ ಎರಡು ಸೈಡ್ ಟೇಬಲ್ ತರಿಸಿದೆವು. ಫೋಟೊದಲ್ಲಿ ಚೆನ್ನಾಗಿದ್ದವು, ಇಲ್ಲಿ ಇಟ್ಟರೆ ಯಾಕೋ ಹೊಂದುತ್ತಿಲ್ಲ. ದಿವಾನದ ಮೇಲೆ ಕೂರುವ ಅತ್ತೆಯವರು ಕಾಫಿ ಲೋಟ ಇನ್ನೂ ನೆಲದ ಮೇಲೇ ಇಡುತ್ತಾರೆ. ಎರಡನ್ನೂ ವಾಪಸ್ ಮಾಡೋಣವೇ?

ಎರಡೂ ಬೇಡ, ದಿವಾನದ ಪಕ್ಕದ್ದನ್ನು ಮಾತ್ರ ವಾಪಸ್ ಮಾಡಿ. ನಿಮ್ಮ ಅತ್ತೆಯವರದು ಹಟ ಅಲ್ಲ. ದಿವಾನದ ಎತ್ತರ ಸಾಮಾನ್ಯವಾಗಿ 16 ಇಂಚಿನ ಆಸುಪಾಸು. ಅದಕ್ಕೆ ಕೈ ಇರುವುದಿಲ್ಲ. ಅಲ್ಲಿ ಕೂತವರಿಗೆ 24 ಇಂಚಿನ ಟೇಬಲ್ ಹೆಚ್ಚುಕಡಿಮೆ ಮೊಣಕೈ ಮಟ್ಟಕ್ಕೆ ಬರುತ್ತದೆ. ಬಿಸಿ ಲೋಟವನ್ನು ಅಷ್ಟು ಮೇಲೆತ್ತಿ ಇಡುವುದಕ್ಕಿಂತ ಬಗ್ಗಿ ನೆಲಕ್ಕಿಡುವುದೇ ಅವರಿಗೆ ಸಲೀಸು. ಕೈ ಇಲ್ಲದ ಆಸನದ ಪಕ್ಕಕ್ಕೆ, ಕೂರುವ ಮಟ್ಟಕ್ಕಿಂತ ಎರಡು ಮೂರು ಇಂಚು ಎತ್ತರ ಇದ್ದರೆ ಸಾಕು. ಅಂದರೆ 18, 19 ಇಂಚು.

ಸೋಫಾದ ಲೆಕ್ಕ ಬೇರೆ. ಅಲ್ಲಿ ಸೋಫಾದ ಕೈ ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆಯಿರಿ. ಟೇಬಲ್ ಅದರ ಸಮಕ್ಕಿರಬೇಕು, ಇಲ್ಲವೇ ಒಂದೆರಡು ಇಂಚು ಕೆಳಗಿರಬೇಕು. ಮೇಲಿದ್ದರೆ ಮಾತ್ರ ತಾಪತ್ರಯ: ಮಾತಾಡುತ್ತಾ ಮೊಣಕೈ ಆಡಿಸಿದರೆ ಲೋಟ ಉರುಳುತ್ತದೆ. ನಿಮ್ಮ ಸೋಫಾದ ಕೈ 24 ಇಂಚಿದ್ದರೆ ಈ ಟೇಬಲ್ ಸರಿಯಾಗೇ ಇದೆ.

ಎರಡೂ ಕಡೆ ಜೋಡಿ ಟೇಬಲ್ಲೇ ಇರಬೇಕು ಅನ್ನುವ ನಿಯಮವೇನೂ ಇಲ್ಲ. ಅದು ಅಂಗಡಿಯವರಿಗೆ ಲಾಭದ ಮಾತು. ಮರದ ಬಣ್ಣ ಹತ್ತಿರ ಹತ್ತಿರ ಇದ್ದರೆ ಒಂದು ದುಂಡಗೆ, ಇನ್ನೊಂದು ಚೌಕ ಇದ್ದರೂ ನಡೆಯುತ್ತದೆ.

ಇನ್ನು ಟೀಪಾಯಿ. 11 ಅಡಿಯಲ್ಲಿ ಸೋಫಾಕ್ಕೆ 3 ಅಡಿ, ದಿವಾನಕ್ಕೆ ಎರಡೂವರೆ ಅಡಿ ಹೋಯಿತು. ಉಳಿದ ಐದೂವರೆ ಅಡಿಯಲ್ಲಿ 2 ಅಡಿಯ ಟೀಪಾಯಿ ಇಟ್ಟರೆ ಆ ಕಡೆ ಈ ಕಡೆ ಒಂದು ಮುಕ್ಕಾಲು ಅಡಿ ಸಿಗುತ್ತದೆ. ಕೂರುವುದಕ್ಕೆ ಸಾಕು, ಓಡಾಡುವುದಕ್ಕೆ ಸಾಲದು. ಆರಾಮಾಗಿ ದಾಟಲು ಎರಡೂವರೆ ಅಡಿ ಬೇಕು. ನಾನಾಗಿದ್ದರೆ ಟೀಪಾಯಿ ತೆಗೆಸಿ, ಸೈಡ್ ಟೇಬಲ್‌ಗಳಿಂದಲೇ ಕೆಲಸ ನಡೆಸುತ್ತಿದ್ದೆ. ನೆಂಟರು ಜಾಸ್ತಿ ಬರುವ ಮನೆಯಾದರೆ ಒಂದರೊಳಗೊಂದು ಸೇರಿಕೊಳ್ಳುವ ಮೂರು ಟೇಬಲ್‌ಗಳ ಸೆಟ್ ತನ್ನಿ. ಬೇಕಾದಾಗ ಎಳೆದುಕೊಂಡರಾಯಿತು.

ಹೊಸದನ್ನು ಆರಿಸುವಾಗ ಮೇಲ್ಹಲಗೆಯ ಅಳತೆಯನ್ನೂ ನೋಡಿ. ಆನ್‌ಲೈನ್‌ನಲ್ಲಿ ಮುದ್ದಾಗಿ ಕಾಣುವ 12 ಇಂಚಿನ ದುಂಡು ಟೇಬಲ್ ದಾವಣಗೆರೆ ಮನೆಗೆ ಆಗಿಬರುವುದಿಲ್ಲ. ಸಂಜೆ ಖಾರ ಮಂಡಕ್ಕಿಯ ತಟ್ಟೆಯೇ ಹತ್ತು ಇಂಚು ತಿನ್ನುತ್ತದೆ, ಮಿರ್ಚಿ ತಟ್ಟೆ ಎಲ್ಲಿಡುತ್ತೀರಿ, ಚಹಾ ಎಲ್ಲಿಡುತ್ತೀರಿ? 18 ಇಂಚಾದರೂ ಬೇಕು. ಸುತ್ತ ಅರ್ಧ ಇಂಚು ಅಂಚು ಎತ್ತಿದ್ದರೆ ಚೆಲ್ಲಿದ ಮಂಡಕ್ಕಿ ಸೋಫಾ ಸಂದಿಗೆ ಸೇರುವುದಿಲ್ಲ. ಆದರೆ ಅಂಚಿನ ಮೂಲೆ ಒರೆಸುವುದು ಸ್ವಲ್ಪ ಕಿರಿಕಿರಿ, ಅದಕ್ಕೆ ತಯಾರಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ವಯಸ್ಸಾದವರು ಏಳುವಾಗ ಪಕ್ಕದಲ್ಲಿ ಏನಿದೆಯೋ ಅದರ ಮೇಲೆ ಕೈ ಊರುತ್ತಾರೆ. ಮೂರು ಕಾಲಿನ ದುಂಡು ಟೇಬಲ್ ಆದರೆ, ಎರಡು ಕಾಲುಗಳ ನಡುವಿನ ಅಂಚಿಗೆ ಭಾರ ಬಿದ್ದ ತಕ್ಷಣ ಮಗುಚುತ್ತದೆ. ಸೋಫಾದ ಅಡಿಗೆ ಪಾದ ತೂರಿಸುವ ‘ಸಿ’ ಆಕಾರದ ಟೇಬಲ್ ಲ್ಯಾಪ್‌ಟಾಪ್‌ಗೆ ಚೆನ್ನ, ಅತ್ತೆಯವರ ಪಕ್ಕಕ್ಕೆ ಬೇಡವೇ ಬೇಡ. ನಾಲ್ಕು ಕಾಲು, ಕಾಲುಗಳು ಮೇಲ್ಹಲಗೆಯ ತುದಿಯವರೆಗೆ ಬಂದಿರಬೇಕು. ಅಂಗಡಿಯಲ್ಲೇ ಅಂಚಿನ ಮೇಲೆ ಅಂಗೈ ಊರಿ, ಭಾರ ಬಿಟ್ಟು ನೋಡಿ. ಅಂಗಡಿಯವರು ಬೈದುಕೊಂಡರೆ ಬೈದುಕೊಳ್ಳಲಿ.

ಚಿತ್ರದುರ್ಗದ ಹತ್ತಿರ ನಮ್ಮ ಹೊಲದ ಬದುವಿನ ಬೇವಿನ ಮರ ಕಡಿಸಿದಾಗ, ಅದೇ ತಿಂಗಳು ಬಡಗಿ ಹತ್ತಿರ ಎರಡು ಸೈಡ್ ಟೇಬಲ್ ಮಾಡಿಸಿದೆವು. ಬೇಸಿಗೆ ಬರುತ್ತಿದ್ದಂತೆ ಮೇಲ್ಹಲಗೆ ಉದ್ದಕ್ಕೆ ಸೀಳಿದೆ. ಬೇವು ಕೆಟ್ಟ ಮರವೇ?

ಮರ ಒಳ್ಳೆಯದೇ. ಅದೇ ತಿಂಗಳು ಮಾಡಿಸಿದ್ದೇ ತೊಂದರೆ. ಹಸಿ ಮರದಲ್ಲಿ ತುಂಬ ನೀರಿರುತ್ತದೆ. ಒಣಗುತ್ತಾ ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಡಗಿ ಮೇಲ್ಹಲಗೆಯನ್ನು ಚೌಕಟ್ಟಿಗೆ ನಾಲ್ಕೂ ಕಡೆ ಸ್ಕ್ರೂ ಬಿಗಿದು ಕೂರಿಸಿರುತ್ತಾರೆ. ಕುಗ್ಗಲು ಜಾಗ ಇಲ್ಲದೆ ಹಲಗೆ ಸೀಳುತ್ತದೆ. ನಿಮ್ಮ ಕಡೆಯ ಒಣ ಗಾಳಿ, ಮಾರ್ಚ್ ಏಪ್ರಿಲ್‌ನ ಬಿಸಿಲು ಅದನ್ನು ಇನ್ನಷ್ಟು ಬೇಗ ಮಾಡಿಸಿತು, ಅಷ್ಟೆ. ಕುಯ್ದ ಹಲಗೆಯನ್ನು ನೆರಳಲ್ಲಿ, ನಡುವೆ ರೀಪು ಕೊಟ್ಟು ಗಾಳಿಯಾಡುವಂತೆ ಪೇರಿಸಿ, ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಿಸಬೇಕು ಅನ್ನುವುದು ಮರಗೆಲಸದವರ ಹಳೆಯ ಲೆಕ್ಕ.

ಈಗ ಸೀಳಿಗೆ ಪುಟ್ಟಿ ತುಂಬಲು ಹೋಗಬೇಡಿ. ಮಳೆಗಾಲದಲ್ಲಿ ಹಲಗೆ ಮತ್ತೆ ಅಗಲವಾದಾಗ ಪುಟ್ಟಿ ಉಬ್ಬಿ ಉದುರುತ್ತದೆ. ಮೊದಲು ಮೇಲ್ಹಲಗೆ ಬಿಚ್ಚಿಸಿ. ಚೌಕಟ್ಟಿನಲ್ಲಿರುವ ಸ್ಕ್ರೂ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿಸಿ, ವಾಷರ್ ಹಾಕಿ ಮತ್ತೆ ಕೂರಿಸಲಿ. ಆಗ ಹಲಗೆ ಹಿಗ್ಗಲಿ ಕುಗ್ಗಲಿ, ಅಡ್ಡಿ ಇಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಆಮೇಲೂ ಸೀಳು ಉಳಿದರೆ ಅದಕ್ಕೆ ಅಡ್ಡವಾಗಿ ಡಮರುವಿನ ಆಕಾರದ ಗಟ್ಟಿ ಮರದ ತುಂಡನ್ನು ಕೊರೆದು ಕೂರಿಸಲು ಹೇಳಿ. ಸೀಳು ಮುಂದಕ್ಕೆ ಹೋಗುವುದಿಲ್ಲ, ನೋಡಲೂ ಚಂದ. ಮುಚ್ಚಿಡುವ ಬದಲು ತೋರಿಸಿಕೊಳ್ಳಬಹುದಾದ ರಿಪೇರಿ ಅದು.

ಪಾಲಿಶ್ ಹೊಡೆಸುವಾಗ ಹಲಗೆಯ ಅಡಿಗೂ ಹೊಡೆಸಿ. ‘ಕಾಣಲ್ಲ, ಯಾಕೆ ಸುಮ್ನೆ ಖರ್ಚು’ ಅಂತ ಬಿಡುತ್ತಾರೆ. ಒಂದೇ ಮುಖಕ್ಕೆ ಪಾಲಿಶ್ ಇದ್ದರೆ ಇನ್ನೊಂದು ಮುಖ ಬೇಗ ತೇವ ಎಳೆದುಕೊಂಡು, ಬೇಗ ಬಿಟ್ಟು ಹಲಗೆ ಬಾಗುತ್ತದೆ.

ಮಂಚದ ಪಕ್ಕಕ್ಕೆ ಎಂಡಿಎಫ್ ಟೇಬಲ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ? (ನಿಟುವಳ್ಳಿ, ದಾವಣಗೆರೆ)

ತೆಗೆದುಕೊಳ್ಳಿ, ಆದರೆ ರಾತ್ರಿ ಅದರ ಮೇಲೆ ತಣ್ಣೀರಿನ ಬಾಟಲಿ ಇಡುವ ಅಭ್ಯಾಸ ಇದೆಯಾ ಯೋಚಿಸಿ. ಎಂಡಿಎಫ್ ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ. ಅದರ ಅಂಚಿನಲ್ಲಿ ಪಟ್ಟಿ ಬಿಟ್ಟುಕೊಂಡು ನೀರು ಒಳಗಿಳಿದರೆ ಊದಿಕೊಳ್ಳುತ್ತದೆ. ಊದಿದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ. ನೆಲ ಒರೆಸುವಾಗ ಕಾಲಿನ ಬುಡಕ್ಕೂ ಇದೇ ಗತಿ, ಹಾಗಾಗಿ ಕಾಲಿನ ಅಡಿಗೆ ಬುಶ್ ಹಾಕಿಸಿ. ಪ್ಲೈವುಡ್‌ನಲ್ಲಿ ಮಾಡಿಸುವುದಾದರೆ ಹಾಳೆಯ ಮೇಲೆ ಐಎಸ್ 303 (ಸಾಮಾನ್ಯ ಬಳಕೆಯ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆ ನೋಡಿ. ಮಲಗುವ ಕೋಣೆಗೆ ಅದರಲ್ಲಿ ಎಂಆರ್ (ತೇವ ತಡೆಯುವ) ದರ್ಜೆ ಸಾಕು, ನೀರಿಗೂ ತಾಳುವ ಐಎಸ್ 710ರ ಮರೈನ್ ಪ್ಲೈಗೆ ದುಡ್ಡು ಸುರಿಯಬೇಡಿ. ಎತ್ತರ ಮಾತ್ರ ಮಂಚದ್ದಲ್ಲ, ಹಾಸಿಗೆಯ ಮೇಲ್ಮಟ್ಟದ್ದು ಅಳೆಯಿರಿ. ಕತ್ತಲಲ್ಲಿ ಕನ್ನಡಕಕ್ಕೆ ಕೈ ಚಾಚುವಾಗ ವ್ಯತ್ಯಾಸ ಗೊತ್ತಾಗುತ್ತದೆ.

ಸೈಡ್ ಟೇಬಲ್ ಮೇಲೆ ಏನೇನು ಜೋಡಿಸಿದರೆ ಚಂದ? ನಮ್ಮಲ್ಲಿ ಗಾಳಿ, ಧೂಳು ಬಹಳ. (ಹೊಳಲ್ಕೆರೆ ರಸ್ತೆ, ಚಿತ್ರದುರ್ಗ)

ಅರ್ಧ ಟೇಬಲ್ ಖಾಲಿ ಬಿಡಿ. ಲೋಟ ಇಡಲು ಜಾಗ ಇಲ್ಲದ ಸೈಡ್ ಟೇಬಲ್ ಇದ್ದೇನು ಪ್ರಯೋಜನ, ಅಲ್ವಾ? ದುರ್ಗದ ಗಾಳಿಗೆ ಸಣ್ಣ ಸಣ್ಣ ಗೊಂಬೆಗಳ ಸಾಲು ಇಟ್ಟರೆ ದಿನಾ ಒರೆಸುವ ಕೆಲಸ ಹಚ್ಚಿಕೊಂಡಂತೆ. ಕಪ್ಪು ಗಾಜಿನ ಟೇಬಲ್ ಕೂಡ ಬೇಡ, ಬೆಳಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು.

ಒಂದು ದೀಪ, ಒಂದು ಗಿಡ ಅಥವಾ ಹಿತ್ತಾಳೆ ತಂಬಿಗೆ, ಇಷ್ಟು ಸಾಕು. ದೀಪದ ಶೇಡ್‌ನ ಕೆಳಗಿನ ಅಂಚು ಕೂತವರ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 40 ಇಂಚಿಗೆ ಬರಲಿ. ಮೇಲಾದರೆ ಬಲ್ಬ್ ಕಣ್ಣಿಗೆ ಚುಚ್ಚುತ್ತದೆ. ಬಲ್ಬ್ 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕಿನದ್ದಿರಲಿ. ಪ್ಲಗ್ ಪಾಯಿಂಟ್ ಟೇಬಲ್ ಹಿಂದೆಯೇ ಇಲ್ಲದಿದ್ದರೆ ದೀಪದ ಆಸೆ ಬಿಡಿ, ಓಡಾಡುವ ಜಾಗದಲ್ಲಿ ವೈರ್ ಎಳೆಯಬೇಡಿ.

ಹಾಸಲು ಪ್ಲಾಸ್ಟಿಕ್ ಲೇಸ್ ಯಾಕೆ? ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ನಿಮ್ಮ ಮನೆಯಲ್ಲೂ ಇರಬಹುದು. ಹರಿದದ್ದಿದ್ದರೆ ಒಂದು ಗೇಣಿನ ಪಟ್ಟಿ ಕತ್ತರಿಸಿ, ಅಂಚು ಹೊಲಿದು ಹಾಕಿ. ಕಪ್ಪು ಬಣ್ಣ, ಒರಟು ನೇಯ್ಗೆ, ಮರದ ಮೇಲೆ ಬಹಳ ಒಪ್ಪುತ್ತದೆ. ಬಿಸಿ ಲೋಟ ಇಟ್ಟರೂ ಪಾಲಿಶ್‌ಗೆ ಶಾಖ ಅಷ್ಟಾಗಿ ತಾಗುವುದಿಲ್ಲ. ಮೊಳಕಾಲ್ಮೂರು ರೇಷ್ಮೆ ಸೀರೆಯ ಹಳೆಯ ಅಂಚಿದ್ದರೆ ಅದನ್ನು ಹಾಗೇ ಹಾಸಬೇಡಿ. ಗಾಜಿನ ಕೆಳಗೆ ಇಟ್ಟರೆ ಉಳಿಯುತ್ತದೆ.

ಬಿಸಿ ಲೋಟ ಇಟ್ಟು ತೇಗದ ಟೇಬಲ್ ಮೇಲೆ ಬಿಳಿ ಉಂಗುರ ಬಿದ್ದಿದೆ. ಹೋಗುತ್ತದೆಯೇ? (ಪಿ.ಜೆ. ಬಡಾವಣೆ, ದಾವಣಗೆರೆ)

ಬಿಳಿ ಅಂದರೆ ತೇವ ಪಾಲಿಶ್ ಪದರದಲ್ಲೇ ಸಿಕ್ಕಿಕೊಂಡಿದೆ, ಮರಕ್ಕೆ ಇಳಿದಿಲ್ಲ. ಎರಡು ದಿನ ಹಾಗೇ ಬಿಡಿ, ಕೆಲವು ತಾನಾಗಿ ಹೋಗುತ್ತವೆ. ಹೋಗದಿದ್ದರೆ ಒಣ ಹತ್ತಿ ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಅತಿ ಕಡಿಮೆ ಬಿಸಿಗೆ ಇಟ್ಟು, ಹಬೆ ಬಿಡದೆ, ಒಂದೆರಡು ಸೆಕೆಂಡ್ ಆಡಿಸಿ. ಎತ್ತಿ ನೋಡಿ, ಮತ್ತೆ ಆಡಿಸಿ. ಸ್ಯಾನಿಟೈಸರ್ ಹಾಕಿ ಉಜ್ಜಬೇಡಿ, ಹಳೆಯ ಟೇಬಲ್‌ನ ಅರಗಿನ ಪಾಲಿಶ್ ಸ್ಪಿರಿಟ್‌ಗೆ ಕರಗಿಬಿಡುತ್ತದೆ. ಉಂಗುರ ಕಪ್ಪಗಿದ್ದರೆ ನೀರು ಮರಕ್ಕೇ ಇಳಿದಿದೆ ಎಂದರ್ಥ. ಆಗ ಪಾಲಿಶ್‌ನವರನ್ನು ಕರೆಸಿ, ಉಜ್ಜಿಸಿ ಹೊಸದಾಗಿ ಹೊಡೆಸಬೇಕು.