ಕ್ಯಾಥೆಟರ್ ತುದಿ ಎಲ್ಲಿ ನಿಂತಿದೆ?

ಪ್ರಶ್ನೆ: ಅಮೆರಿಕದ ಆಸ್ಪತ್ರೆಗಳ ಕ್ಲೇಮ್‌ಗಳಿಗೆ (ವಿಮೆಯವರಿಗೆ ಕಳಿಸುವ ಬಿಲ್ಲುಗಳಿಗೆ) ಕೋಡ್, ಅಂದರೆ ಪ್ರತಿ ಚಿಕಿತ್ಸೆಗೂ ಗೊತ್ತುಮಾಡಿದ ಸಂಖ್ಯೆ, ಹಾಕುವ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಒಂದು ಚಾರ್ಟ್‌ನಲ್ಲಿ, ಬುರುಡೆಗೆ ರಂಧ್ರ ಕೊರೆದು, ಸ್ಟೀರಿಯೋಟ್ಯಾಕ್ಟಿಕ್ ವಿಧಾನದಲ್ಲಿ (ನಿಖರ ಅಳತೆಯಿಂದ ಜಾಗ ಗುರುತಿಸಿ) ಮೆದುಳಿನ ಗಡ್ಡೆಯೊಳಗೆ ಎರಡು ಕ್ಯಾಥೆಟರ್ (ಸಣ್ಣ ಕೊಳವೆ) ಇಟ್ಟು ಔಷಧಿ ಹರಿಸಿದ್ದಾರೆ. ನಮ್ಮ ಹಳೆಯ ಪಟ್ಟಿಯಲ್ಲಿ 0169ಟಿ ಎಂದಿದೆ, ಆದರೆ ಸಾಫ್ಟ್‌ವೇರ್ ಅದನ್ನು ತೆಗೆದುಕೊಳ್ಳುತ್ತಿಲ್ಲ. ಜೊತೆಯವರು 61210 ಹಾಕಿ ಅಂತಾರೆ. ಏನು ಮಾಡಲಿ ಮೇಡಂ?

ಉತ್ತರ: 61210 ಬೇಡ. ಆರಂಭದ ದಿನಗಳಲ್ಲಿ ನಾನೂ ಅದನ್ನೇ ಹಾಕಿದ್ದೆ. ಬರ್ ಹೋಲ್ (ಬುರುಡೆಗೆ ಕೊರೆಯುವ ರಂಧ್ರ) ಅನ್ನುವ ಪದ ಕಂಡ ಕೂಡಲೇ ಕೈ ಅಲ್ಲಿಗೇ ಹೋಯಿತು. ಆಡಿಟ್‌ನಲ್ಲಿ ಸಿಕ್ಕಿಬಿದ್ದಾಗ ಕೋಡ್‌ನ ವಿವರಣೆಯನ್ನು ಪೂರ್ತಿ ಓದಿದೆ. ಅಲ್ಲಿರುವುದು ವೆಂಟ್ರಿಕ್ಯುಲರ್ ಕ್ಯಾಥೆಟರ್, ಅಂದರೆ ಮೆದುಳಿನೊಳಗಿನ ದ್ರವದ ಕೋಣೆಗೆ ಹೋಗುವ ಕೊಳವೆ. ನಿಮ್ಮ ಚಾರ್ಟ್‌ನಲ್ಲಿ ಕೊಳವೆಯ ತುದಿ ಗಡ್ಡೆಯ ಒಳಗಿದೆ. ಎರಡೂ ಒಂದೇ ಅಲ್ಲ, ಅಲ್ವಾ? ಅಂದಿನಿಂದ ಆಪರೇಟಿವ್ ನೋಟ್ (ಸರ್ಜನ್ ಬರೆದ ಶಸ್ತ್ರಚಿಕಿತ್ಸೆಯ ವರದಿ) ತೆರೆದರೆ ಔಷಧಿಯ ಹೆಸರಿಗಿಂತ ಮೊದಲು ತುದಿ ಎಲ್ಲಿ ನಿಂತಿದೆ ಎಂದು ಹುಡುಕುತ್ತೇನೆ.

0169ಟಿ ನಿಮ್ಮ ಕೇಸಿಗೆ ಸರಿಯಾಗಿ ಹೊಂದುತ್ತಿತ್ತು. ಔಷಧಿ ಹರಿಸಲು ಮೆದುಳಿನಲ್ಲಿ ಕ್ಯಾಥೆಟರ್ ಇಡುವುದು, ಕಂಪ್ಯೂಟರ್ ಪ್ಲಾನಿಂಗ್, ಬರ್ ಹೋಲ್ ಎಲ್ಲವೂ ಅದರಲ್ಲೇ ಸೇರಿತ್ತು. ಆದರೆ ಅದು ಕೆಟಗರಿ 3ರ, ಅಂದರೆ ಹೊಸ ವಿಧಾನಗಳಿಗೆ ಕೊಡುವ ತಾತ್ಕಾಲಿಕ ಕೋಡ್, ಈಗ ತೆಗೆದುಹಾಕಿದ್ದಾರೆ. ಅದರ ಬದಲು ನರಮಂಡಲದ ಅನ್‌ಲಿಸ್ಟೆಡ್ ಕೋಡ್ (ತನ್ನದೇ ಕೋಡ್ ಇಲ್ಲದ ಕೆಲಸಕ್ಕೆ ಬಳಸುವುದು) 64999 ಹಾಕಬೇಕು. ಹಾಕುವ ಮೊದಲು ಶಸ್ತ್ರಚಿಕಿತ್ಸೆ ನಡೆದ ವರ್ಷದ ಕೋಡ್ ಪುಸ್ತಕ ನೋಡಿಕೊಳ್ಳಿ. ಹೊಂದುವ ಕೆಟಗರಿ 3 ಕೋಡ್ ಇದ್ದರೆ ಅನ್‌ಲಿಸ್ಟೆಡ್ ಬಳಸುವಂತಿಲ್ಲ.

64999 ಅನ್ನು ಸುಮ್ನೆ ಒಂದೇ ಸಾಲಿನಲ್ಲಿ ಕಳಿಸಿದರೆ ಹಣ ಬರುವುದಿಲ್ಲ. ಅದಕ್ಕೆ ನಿಗದಿತ ಬೆಲೆಯೇ ಇಲ್ಲ. ಆಪರೇಟಿವ್ ನೋಟ್ ಜೊತೆ ಒಂದು ಪತ್ರ ಹೋಗಬೇಕು. ಅದರಲ್ಲಿ ಹೋಲಿಕೆಗೆ ನಾನು 61751 ತೆಗೆದುಕೊಳ್ಳುತ್ತೇನೆ. ಅದು ಸ್ಕ್ಯಾನ್ ನೋಡಿಕೊಂಡು ಮಾಡುವ ಸ್ಟೀರಿಯೋಟ್ಯಾಕ್ಟಿಕ್ ಬಯಾಪ್ಸಿ (ಪರೀಕ್ಷೆಗೆ ಸಣ್ಣ ಚೂರು ತೆಗೆಯುವುದು). ಬರ್ ಹೋಲ್ ಅದರಲ್ಲೂ ಸೇರಿದೆ. ಅದಕ್ಕಿಂತ ಇಲ್ಲಿ ಏನು ಜಾಸ್ತಿ ಕೆಲಸವಾಗಿದೆ ಎಂದು ಬರೆಯಿರಿ: ಎರಡು ಕ್ಯಾಥೆಟರ್, ಎರಡು ದಾರಿ, ಪಂಪ್, ಹರಿಸಿದ ಸಮಯ.

ಸಮಯ ಯಾಕೆ ಮುಖ್ಯ ಅಂದರೆ, ರಕ್ತದಲ್ಲಿ ಹೋಗುವ ಬಹಳಷ್ಟು ಔಷಧಿಗಳನ್ನು ಮೆದುಳಿನ ರಕ್ತನಾಳಗಳ ಗೋಡೆ ಒಳಗೆ ಬಿಡುವುದಿಲ್ಲ. ಅದಕ್ಕೇ ನೇರವಾಗಿ ಕೊಳವೆಯಲ್ಲಿ, ಬಹಳ ನಿಧಾನವಾಗಿ ಒತ್ತಿ, ಜೀವಕೋಶಗಳ ನಡುವಿನ ದ್ರವದಲ್ಲಿ ಹರಡುವಂತೆ ಮಾಡುತ್ತಾರೆ. 2024ರ ನವೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಕೆಬಿಲಿಡಿ ಜೀನ್ ಚಿಕಿತ್ಸೆಯನ್ನೇ ನೋಡಿ. ನಾಲ್ಕು ಜಾಗ, ಒಂದೊಂದಕ್ಕೆ 0.08 ಮಿಲಿಲೀಟರ್, ನಿಮಿಷಕ್ಕೆ 0.003 ಮಿಲಿಲೀಟರ್. ಅಷ್ಟು ಚಿಕ್ಕ ಹನಿಗೆ ಪ್ರತಿ ಜಾಗಕ್ಕೂ ಸುಮಾರು 27 ನಿಮಿಷ! ನಿಮ್ಮ ಕೇಸಿನಲ್ಲಿ ಹರಿಸಿದ ಸಮಯವನ್ನು ಪತ್ರದಲ್ಲಿ ಬರೆಯದಿದ್ದರೆ ಪೇಯರ್‌ಗೆ (ಹಣ ಕೊಡುವ ವಿಮೆಯವರಿಗೆ) ಒಂದು ತೂತು ಕೊರೆದಂತೆ ಮಾತ್ರ ಕಾಣುತ್ತದೆ.

ಇದೆಲ್ಲ ಸರ್ಜನ್‌ನ ಬಿಲ್ಲಿಗೆ. ಒಳರೋಗಿಯಾಗಿದ್ದರೆ ಆಸ್ಪತ್ರೆಯ ಬಿಲ್ಲಿಗೆ ಐಸಿಡಿ-10-ಪಿಸಿಎಸ್ ಅನ್ನುವ ಇನ್ನೊಂದು ಪಟ್ಟಿಯ ಕೋಡ್ ಬೇರೆಯೇ ಬೇಕು.

ಪ್ರಶ್ನೆ: ನನ್ನ ಚಾರ್ಟ್‌ನಲ್ಲಿ ಮಗುವಿಗೆ ಒಮ್ಮಾಯಾ ರಿಸರ್ವಾಯರ್ (ಮೆದುಳಿನ ಕ್ಯಾಥೆಟರ್‌ಗೆ ಜೋಡಿಸಿ ಚರ್ಮದ ಕೆಳಗಿಡುವ ಪುಟ್ಟ ಗುಮ್ಮಟ) ಇಟ್ಟು ಬ್ರಿನ್ಯೂರಾ ಅನ್ನುವ ಔಷಧಿ 300 ಮಿಲಿಗ್ರಾಂ ಕೊಟ್ಟಿದ್ದಾರೆ. ಇದಕ್ಕೂ 64999 ಹಾಕಬೇಕೆ? ಔಷಧಿಗೆ ಜೆ0567, 1 ಯೂನಿಟ್ ಹಾಕಿದ್ದೇನೆ.

ಉತ್ತರ: ಇಲ್ಲಿ ತುದಿ ವೆಂಟ್ರಿಕಲ್‌ನಲ್ಲಿದೆ (ಮೇಲೆ ಹೇಳಿದ ದ್ರವದ ಕೋಣೆಯಲ್ಲಿ), ಹಾಗಾಗಿ 64999 ಬೇಡ. ಚರ್ಮದ ಕೆಳಗೆ ರಿಸರ್ವಾಯರ್ ಇಡುವುದಕ್ಕೆ 61215 ಇದೆ. ಯೂನಿಟ್ ಇವತ್ತೇ ತಿದ್ದಿ. ಜೆ0567ರ ಒಂದು ಯೂನಿಟ್ ಅಂದರೆ 1 ಮಿಲಿಗ್ರಾಂ. ನೀವು ಹಾಕಬೇಕಾದದ್ದು 300. ಎರಡು ವಾರಕ್ಕೊಮ್ಮೆ ಕೊಡುವ ಔಷಧಿ ಇದು, ಮುಂದಿನ ಕ್ಲೇಮ್ ಹೋಗುವ ಮೊದಲೇ ಸರಿಮಾಡಿಬಿಡಿ.