ಜಾವಾದಲ್ಲಿ ಸ್ಟ್ಯಾಟಿಕ್ ಅಂದರೆ ಏನು? ದಿನನಿತ್ಯದ ಉದಾಹರಣೆ ಕೊಡಿ
ಒಂದು ವಠಾರ ನೆನೆಸಿಕೊಳ್ಳಿ. ಎಂಟು ಮನೆ, ಎಂಟು ಕರೆಂಟ್ ಮೀಟರ್. ಆದರೆ ಅಂಗಳದಲ್ಲಿ ನೀರಿನ ಸಂಪು ಒಂದೇ. ಮೂರನೇ ಮನೆಯವರು ರಾಶಿ ಬಟ್ಟೆ ಒಗೆದರೆ ಎಲ್ಲರ ಪಾಲಿಗೂ ನೀರು ಇಳಿಯುತ್ತದೆ, ಅಲ್ವಾ?

ಇಲ್ಲಿ ವಠಾರ ಅಂದರೆ ಕ್ಲಾಸ್, ಒಂದೊಂದು ಮನೆಯೂ ಒಂದು ಆಬ್ಜೆಕ್ಟ್. ಮೀಟರ್ ಮಾಮೂಲಿ ವೇರಿಯಬಲ್ (ಮೌಲ್ಯ ಇಡುವ ಜಾಗ), ಪ್ರತಿ ಆಬ್ಜೆಕ್ಟ್‌ಗೂ ಬೇರೆ ಬೇರೆ. ಸಂಪು ಸ್ಟ್ಯಾಟಿಕ್, ಇಡೀ ಕ್ಲಾಸ್‌ಗೆ ಒಂದೇ. ಇನ್ನೊಂದು ವಿಷಯ: ಗೋಡೆ ಏಳುವ ಮೊದಲೇ ಸಂಪು ತೋಡಿಸುತ್ತಾರೆ, ಕಟ್ಟುವ ಕೆಲಸಕ್ಕೇ ನೀರು ಬೇಕಲ್ಲ! ಹಾಗೆಯೇ ಒಂದೂ ಆಬ್ಜೆಕ್ಟ್ ಮಾಡದೆ, ಕ್ಲಾಸ್ ಹೆಸರಿನಿಂದಲೇ ಸ್ಟ್ಯಾಟಿಕ್ ಬಳಸಬಹುದು. ಎರಡರಲ್ಲಿ ದೊಡ್ಡ ಸಂಖ್ಯೆ ಕೊಡುವ 'ಮ್ಯಾತ್.ಮ್ಯಾಕ್ಸ್(3, 7)' ನಡೆಯುವುದು ಹೀಗೇ.

ಹೊಸಬರು ಜಾಸ್ತಿ ಎಡವುವುದು ಇಲ್ಲಿ: ಸ್ಟ್ಯಾಟಿಕ್ ಮೆಥಡ್ (ಕೆಲಸ ಮಾಡುವ ಕೋಡ್ ಭಾಗ) ಒಳಗೆ 'ದಿಸ್', ಅಂದರೆ 'ಈ ಆಬ್ಜೆಕ್ಟ್', ಅಂತ ಬರೆದರೆ ಕಂಪೈಲರ್ ಒಪ್ಪುವುದಿಲ್ಲ. ಸಂಪಿನ ಪಕ್ಕ ನಿಂತು "ಮೀಟರ್ ಎಷ್ಟು ಓಡಿದೆ?" ಅಂತ ಸುಮ್ನೆ ಕೇಳಿದರೆ, ಯಾರ ಮನೆಯದು ಅಂತ ಹೇಳುವುದು?